ವಲಿಯಪರಂಬ ಹಿನ್ನೀರಿನ ಕಡಲವಿಜ್ಞಾನ ದೋಣಿಯಾನ: ಶಾಲೆಗಳಿಗೆ ಎಷ್ಟು ಉಪಯುಕ್ತ?

ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲಿರುವ ವಲಿಯಪರಂಬ ಹಿನ್ನೀರಿನಲ್ಲಿ ಶಾಲಾಮಕ್ಕಳಿಗಾಗಿ ನಡೆಸುವ ಕಡಲವಿಜ್ಞಾನ ದೋಣಿಯಾನಕ್ಕೆ, ಕುಂಬಳೆ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೆಯ ತರಗತಿಯವರನ್ನು ಡಿಸೆಂಬರಿನಲ್ಲಿ ಕರೆದುಕೊಂಡು ಹೋಗಿದ್ದೆವು. ವಿಹಾರದ ದೋಣಿಗೇ ವಿಜ್ಞಾನದ ಫಲಕ ತಗಲಿಸಿದ್ದಾರೇನೋ ಎಂಬ ನನ್ನ ಅನುಮಾನ ಮಧ್ಯಾಹ್ನದವರೆಗಿನ ಕಾರ್ಯಕ್ರಮದ ಮಟ್ಟಿಗೆ ಸುಳ್ಳಾಯಿತು.

ದೋಣಿ ನಿಂತಲ್ಲೆಲ್ಲ ಅಳೆಯುವ ಕೆಲಸವನ್ನು ಮಕ್ಕಳಿಗೇ ಬಿಡುತ್ತಾರೆ. ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಕಪ್ಪು-ಬಿಳುಪಿನ ಸೆಕ್ಕಿ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿ, ಅದು ಕಣ್ಮರೆಯಾದ ಆಳವನ್ನೂ ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಬರೆದುಕೊಂಡು ಸರಾಸರಿ ತೆಗೆಯಬೇಕು. ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ನೀರು ಹಾಕಿ, ಬೆಳಕಿಗೆ ಹಿಡಿದು ಉಪ್ಪಿನಂಶ ಓದಬೇಕು. ತೆರೆದ ಕಡಲಿನಲ್ಲಿ ಸಾವಿರಕ್ಕೆ ಸುಮಾರು 35 ಭಾಗವಿರುವ ಉಪ್ಪು, ಕೊಡಗಿನ ಕಾಡಿನಲ್ಲಿ ಹುಟ್ಟಿ ಬರುವ ತೇಜಸ್ವಿನಿ ಹೊಳೆಯ ಕಡೆಗೆ ಸಾಗಿದಂತೆ ಇಳಿಯುವುದನ್ನು ಅವರು ತಮ್ಮ ಪಟ್ಟಿಯಲ್ಲಿಯೇ ಕಂಡರು.

ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಪಚ್ಚಿಲೆ (ತಿನ್ನುವ ಚಿಪ್ಪುಜೀವಿ, ಮಸೆಲ್) ಕೃಷಿಯ ಭೇಟಿ. ಬಂಡೆಗಳಿಂದ ಕಿತ್ತು ತಂದ ಎಳೆಯ ಪಚ್ಚಿಲೆಗಳನ್ನು ಹಗ್ಗದ ಸುತ್ತ ಇಟ್ಟು ತೆಳುವಾದ ಹತ್ತಿಯ ಬಟ್ಟೆಯಿಂದ ಸುತ್ತಿ ಹೊಲಿದು, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಪಚ್ಚಿಲೆಗಳು ತಮ್ಮದೇ ನಾರುಗಳಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮೇವು ಹಾಕುವ ಖರ್ಚಿಲ್ಲ. ನೀರನ್ನು ಸೋಸಿ ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳನ್ನೇ ತಿಂದು ಬೆಳೆಯುತ್ತವೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಉಪ್ಪು ಕುಸಿದರೆ ಬೆಳೆ ಉಳಿಯದಾದ್ದರಿಂದ ಅದಕ್ಕೆ ಮೊದಲೇ ಕೊಯ್ಲು ಮುಗಿಯಬೇಕೆಂದು ಅಲ್ಲಿನ ಕೃಷಿಕ ಮಹಿಳೆ ಹೇಳಿದಾಗ, ಮಕ್ಕಳು ತಾವು ಬರೆದುಕೊಂಡಿದ್ದ ಉಪ್ಪಿನ ಅಂಕಿಗಳನ್ನು ತಿರುವಿ ನೋಡಿದರು. ಪಾಠವೊಂದು ಹೀಗೆ ತಾನಾಗಿ ಕೂಡಿಕೊಳ್ಳುವುದು ತರಗತಿಯಲ್ಲಿ ಅಪರೂಪ.

ಊಟದ ನಂತರ ಮಾತ್ರ ಯಾನ ಸಡಿಲವಾಯಿತು. ಪ್ಲವಕದ ಬಲೆ ಎಳೆದು ತಂದ ನೀರನ್ನು ನೋಡಲು ಅಷ್ಟೂ ಮಕ್ಕಳಿಗೆ ಒಂದೇ ಸೂಕ್ಷ್ಮದರ್ಶಕವಿತ್ತು. ದೋಣಿ ಅಲುಗುತ್ತಿದ್ದುದರಿಂದ ಸಿಗಡಿಯ ಬಳಗದ ಅತಿ ಸಣ್ಣ ಪ್ಲವಕಗಳಾದ ಕೋಪೆಪಾಡುಗಳನ್ನು ಹೆಚ್ಚಿನವರು ಗುರುತಿಸಲಾಗಲಿಲ್ಲ. ಈ ಕೆಲಸವನ್ನು ದಡದಲ್ಲಿ ಮೇಜು ಹಾಕಿ ಮಾಡಿಸಬೇಕಿತ್ತು. ಅಭ್ಯಾಸ ಹಾಳೆಗಳು ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ ಇದ್ದುದರಿಂದ ನಾವೇ ಓದಿ ವಿವರಿಸಬೇಕಾಯಿತು; ಕನ್ನಡ ಶಾಲೆಗಳಿರುವ ಜಿಲ್ಲೆಯಲ್ಲಿ ಇದು ಸರಿಪಡಿಸಲೇಬೇಕಾದ ಕೊರತೆ. ಕೊನೆಯ ಒಂದು ಗಂಟೆ ಧ್ವನಿವರ್ಧಕದ ಹಾಡಿಗೆ ಹೋಯಿತು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಲೈಫ್ ಜಾಕೆಟ್‌ಗಳು ಮಕ್ಕಳ ಅಳತೆಯವೇ ಆಗಿದ್ದವು, ಅವನ್ನು ಕಟ್ಟಿಕೊಳ್ಳದವರನ್ನು ಹತ್ತಿಸಲಿಲ್ಲ. ದರ ದೋಣಿಗೇ ಹೊರತು ತಲೆಗಲ್ಲವಾದ್ದರಿಂದ ಎರಡು ಶಾಲೆಗಳು ಕೂಡಿ ಹೋಗಬಹುದು, ಆದರೆ ಅಳೆಯುವ ಸರದಿ ಎಲ್ಲರಿಗೂ ಸಿಗುವುದಿಲ್ಲ. ಅರ್ಧ ದಿನದ ಯಾನವನ್ನಷ್ಟೇ ಗೊತ್ತುಪಡಿಸಿ, ಶಾಲೆಯ ಸೂಕ್ಷ್ಮದರ್ಶಕಗಳನ್ನು ಜೊತೆಗೆ ಒಯ್ಯುವುದು ಮೇಲು. ಕೊಯ್ಲಿನ ಹೊತ್ತಿಗೆ ಬೇಸಗೆ ರಜೆ ಬಂದಿರುತ್ತದೆ. ಪಚ್ಚಿಲೆ ಬಿತ್ತುವುದನ್ನು ನೋಡಬೇಕೆಂದಿದ್ದರೆ ಡಿಸೆಂಬರಿನ ಪರೀಕ್ಷೆಗೆ ಮೊದಲೇ ದಿನ ಕೇಳಿಟ್ಟುಕೊಳ್ಳಬೇಕು.