ಸಸ್ಕ್ವೆಹಾನಾದ ಸ್ಮಾಲ್‌ಮೌತ್ ಬಾಸ್: ಟ್ಯೂಬೋ, ಪಾಪರೋ?

ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ಅಗಲವಾದ, ಆಳ ಕಡಿಮೆಯಿರುವ, ಬಂಡೆಗಳು ತುಂಬಿದ ನದಿ. ಇಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಹಿಡಿಯಲು ಗಾಳದ ಕೋಲಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸುಮಾರು 7 ಅಡಿಯ, ಮಧ್ಯಮ ಬಲದ ಸ್ಪಿನ್ನಿಂಗ್ ರಾಡ್ (ರೀಲ್ ಕೋಲಿನ ಕೆಳಗೆ ಇರುವಂಥದ್ದು) ಮತ್ತು 8 ಪೌಂಡ್ ಎಳೆತ ತಾಳುವ ದಾರ ಸಾಕು. ಹಗುರವಾದ ಆಮಿಷ ಎಸೆಯಲು ರೀಲ್ ಕೋಲಿನ ಮೇಲೆ ಕೂರುವ ಬೇಟ್‌ಕಾಸ್ಟರ್‌ಗಿಂತ ಇದೇ ಸಲೀಸು.

ನಿಜವಾದ ಆಯ್ಕೆ ಇರುವುದು ಆಮಿಷದಲ್ಲಿ. ಮೂರೂವರೆ ಇಂಚಿನ ಮೆತ್ತನೆಯ ಟ್ಯೂಬ್ ತಳದಲ್ಲಿ ಹರಿದಾಡುವ, ಸಿಗಡಿಯನ್ನು ಹೋಲುವ ಕ್ರೇಫಿಷ್‌ನಂತೆ ಕಾಣುತ್ತದೆ. ಬಾಸ್‌ಗೆ ಅದು ಮೃಷ್ಟಾನ್ನ. ಹರಿವಿಗೆ ಎದುರಾಗಿ ಓರೆಗೆ ಎಸೆಯಿರಿ. ದಾರ ಸಡಿಲವಾಗದಂತೆ ನೋಡಿಕೊಂಡು, ಬಂಡೆಯ ಹಿಂದಿನ ನಿಧಾನ ನೀರಿಗೆ ಅದನ್ನು ಉರುಳಿಬರಲು ಬಿಡಿ. ಕಚ್ಚಿದ್ದು ಬಹಳ ಸಲ ಕೈಗೆ ತಿಳಿಯುವುದೇ ಇಲ್ಲ. ದಾರ ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ, ಆಗಲೇ ಎಳೆಯಬೇಕು. ಕಲ್ಲಿನ ಸಂದಿಗೆ ಪದೇಪದೇ ಸಿಕ್ಕಿಕೊಳ್ಳುವುದು ಇದರ ದೊಡ್ಡ ಕಾಟ. 1/4 ಔನ್ಸ್ ಜಿಗ್ (ತಲೆಗೆ ತೂಕ ಕೂರಿಸಿದ ಕೊಕ್ಕೆ) ಬದಲು 1/8 ಔನ್ಸ್ ಹಾಕಿದರೆ ಅದು ಕಡಿಮೆಯಾಗುತ್ತದೆ.

ಪಾಪರ್ ನೀರಿನ ಮೇಲೆ ಗುಳುಗುಳು ಸದ್ದು ಮಾಡುವ ಆಮಿಷ. ಬೇಸಿಗೆಯ ಮುಂಜಾನೆ, ಸಂಜೆಗಳಲ್ಲಿ ಇದರಷ್ಟು ಆನಂದ ಬೇರಾವುದೂ ಕೊಡದು. ಮೀನು ಎರಗಿದ ಕೂಡಲೇ ಎಳೆಯದೆ, ಭಾರ ಕೈಗೆ ತಟ್ಟುವವರೆಗೆ ತಾಳಿಕೊಳ್ಳಬೇಕು. ನೀರು ತಣ್ಣಗಾದರೆ ಮಾತ್ರ ಇದು ಪೆಟ್ಟಿಗೆಯಲ್ಲೇ ಇರಲಿ.

ಒಂದನ್ನೇ ಕೊಳ್ಳುವವರಿಗೆ ನನ್ನ ಸಲಹೆ ಟ್ಯೂಬ್. ಪರವಾನಗಿಯನ್ನೂ ಆ ಭಾಗದ ನಿಯಮಗಳನ್ನೂ ಮೊದಲೇ ನೋಡಿಕೊಳ್ಳಿ.