ಬಾಡಿಗೆ ಹಾರ್ಸ್‌ಗೆ ಟ್ರೇಲರ್ ಜೋಡಿಸುವ ಮುಂಚೆ ಇದನ್ನೊಂದು ಓದಿ

ಅಂಕೋಲಾ, ಕಾರವಾರ, ಕುಮಟಾ ಕಡೆ ಟ್ರೇಲರ್ ಇಟ್ಟುಕೊಂಡವರು, ಓಡಿಸುವವರು, ಅರ್ಜೆಂಟಿಗೆ ಬಾಡಿಗೆ ಹಾರ್ಸ್ (ಟ್ರೇಲರ್ ಎಳೆಯುವ ಇಂಜಿನ್ ಗಾಡಿ) ತರಿಸುವವರು ಸ್ವಲ್ಪ ಬಿಡುವು ಮಾಡಿಕೊಂಡು ಓದಿ. ಈ ಮಳೆಗಾಲದಲ್ಲಿ ಕಬ್ಬಿಣ ತುಂಬಿದ್ದ ನನ್ನ ಟ್ರೇಲರ್ ಹಾರ್ಸ್‌ನಿಂದ ಕಳಚಿ ಬಿತ್ತು. ಯಾರ ಜೀವವೂ ಹೋಗಲಿಲ್ಲ, ಅದೊಂದೇ ಸಮಾಧಾನ. "ಎಳೆದು ನೋಡಿದ್ದೇನೆ, ಹಿಡಿದಿದೆ" ಅನ್ನುವ ಮಾತು ನಮ್ಮ ಲೈನಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಮಾತನ್ನು ದಯವಿಟ್ಟು ನಂಬಬೇಡಿ. ಟ್ರೇಲರಿನ ಬ್ರೇಕ್ ಹಿಡಿದಿರುವಾಗ ಹಾರ್ಸನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಬೇಕು, ಆದರೆ ಅಷ್ಟೇ ಸಾಲದು. ಕೆಳಗಿಳಿದು, ಟಾರ್ಚ್ ಬೆಳಕು ಬಿಟ್ಟು, ಎರಡನ್ನೂ ಹಿಡಿದಿಡುವ ಲಾಕ್ ಮುಚ್ಚಿದ್ದನ್ನು ಕಣ್ಣಾರೆ ನೋಡಬೇಕು.

ಗಾಡಿ ಲೈನಿನವರಲ್ಲದವರಿಗೆ ಒಂದು ಮಾತು. ಟ್ರೇಲರ್ ಗಾಡಿ ಅಂದರೆ ಎರಡು ಗಾಡಿ. ಮುಂದೆ ಇಂಜಿನ್ ಇರುವುದು ಹಾರ್ಸ್. ಅದರ ಬೆನ್ನ ಮೇಲೆ ದಪ್ಪ ಕಬ್ಬಿಣದ ತಟ್ಟೆ ಇರುತ್ತದೆ, ಅದಕ್ಕೆ ಫಿಫ್ತ್ ವೀಲ್ ಅನ್ನುತ್ತಾರೆ. ಟ್ರೇಲರಿನ ಮೂತಿಯ ಅಡಿಯಲ್ಲಿ ಒಂದು ಗಟ್ಟಿ ಪಿನ್ ಇಳಿಬಿದ್ದಿರುತ್ತದೆ, ಅದು ಕಿಂಗ್ ಪಿನ್. ಹಾರ್ಸ್ ಹಿಂದಕ್ಕೆ ಬಂದಾಗ ಪಿನ್ ತಟ್ಟೆಯ ಸೀಳಿನೊಳಗೆ ಹೋಗಿ, ಲಾಕ್ ಅದರ ಕುತ್ತಿಗೆಯನ್ನು ಹಿಡಿದುಕೊಳ್ಳುತ್ತದೆ. 2018ರಲ್ಲಿ ಆಕ್ಸಲ್ ಭಾರದ ಮಿತಿ ಏರಿಸಿದ ಮೇಲೆ ಇಂಥ ಗಾಡಿ ಲೋಡ್ ಸೇರಿ 55 ಟನ್‌ವರೆಗೂ ತೂಗಬಹುದು. ಅದರಲ್ಲಿ ಟ್ರೇಲರಿನ, ಲೋಡಿನ ಭಾರವನ್ನೆಲ್ಲ ಎಳೆಯುವುದು ಈ ಒಂದು ಪಿನ್ನು, ಈ ಒಂದು ಲಾಕು.

ಆದದ್ದು ಹೀಗೆ. ಬಳ್ಳಾರಿ ಕಡೆಯಿಂದ ಟಿಎಂಟಿ ಕಂಬಿ ಹೇರಿಕೊಂಡು ನಮ್ಮ ಗಾಡಿ ಗೋವಾಕ್ಕೆ ಹೊರಟಿತ್ತು. ಅರಬೈಲ್ ಘಾಟ್ ಇಳಿದು ಅಂಕೋಲಾ ಮುಟ್ಟುವಷ್ಟರಲ್ಲಿ ಹಾರ್ಸ್‌ನ ಕ್ಲಚ್ ಕೈಕೊಟ್ಟಿತು. ಹೆದ್ದಾರಿ ಪಕ್ಕದ ಒಂದು ಯಾರ್ಡಿನಲ್ಲಿ ಟ್ರೇಲರನ್ನು ಅದರ ಕಾಲಿನ ಮೇಲೆ (ಹಾರ್ಸ್ ಇಲ್ಲದಾಗ ಮೂತಿಯನ್ನು ಹೊರುವ, ಹ್ಯಾಂಡಲ್ ತಿರುಗಿಸಿ ಏರಿಸಿ ಇಳಿಸುವ ಕಂಬಗಳು) ನಿಲ್ಲಿಸಿ ಹಾರ್ಸನ್ನು ಗ್ಯಾರೇಜಿಗೆ ಕಳಿಸಿದೆವು. ಮಾಲು ಯಾವಾಗ ಬರ್ತದೆ ಅಂತ ಪಾರ್ಟಿಯದ್ದು ಒಂದೇ ಸಮ ಫೋನ್. ಹಾಗಾಗಿ ಒಬ್ಬ ಟ್ರಾನ್ಸ್‌ಪೋರ್ಟರ್ ಹತ್ತಿರ ಹಾರ್ಸ್ ಬಾಡಿಗೆಗೆ ಮಾತಾಡಿದೆ. ಬೆಳಿಗ್ಗೆ ಆರಕ್ಕೆ, ನಾವು ಬಂದ ಮೇಲೆಯೇ ಜೋಡಿಸುವುದು ಅಂತ ಮಾತಾಗಿತ್ತು.

ನಾನೂ ನನ್ನ ಡ್ರೈವರೂ ಬೈಕಿನಲ್ಲಿ ಹೋದಾಗ ಇನ್ನೂ ಆರಾಗಿರಲಿಲ್ಲ. ಮಳೆ ಜಡಿಯುತ್ತಿತ್ತು. ನೋಡಿದರೆ ಹಾರ್ಸ್ ಆಗಲೇ ಜೋಡಣೆಯಾಗಿ, ಟ್ರೇಲರಿನ ಕಾಲು ಮೇಲೆತ್ತಿ, ಗೇಟಿನ ಕಡೆ ಹೊರಟಿದೆ! ನನ್ನ ಡ್ರೈವರ್ ಬೈಕಿನಿಂದ ಹಾರಿ ಕೈ ಬೀಸುತ್ತ ಓಡಿದ. "ಓ ಅಣ್ಣಾ, ನಿಲ್ಸು, ಒಂದ್ಸಲ ಅಡಿಗೆ ನೋಡ್ತೆ" ಅಂತ ಕೂಗಿದ. ಆ ಕಡೆಯವನು ಕಿಟಕಿಯಿಂದ ತಲೆ ಹೊರಹಾಕಿ, "ಎಳೆದು ನೋಡಿದ್ದೆ ಮಾರಾಯಾ, ಗಟ್ಟಿ ಕೂತದೆ" ಅಂದವನು ಗಾಡಿ ನಿಲ್ಲಿಸಲೇ ಇಲ್ಲ.

ಆ ಯಾರ್ಡ್ ಹೆದ್ದಾರಿಗಿಂತ ತಗ್ಗಿನಲ್ಲಿದೆ. ಹೊರಗೆ ಬರಬೇಕೆಂದರೆ ಒಂದು ಸಣ್ಣ ಏರು ಹತ್ತಬೇಕು. ಹಾರ್ಸ್‌ನ ಮುಂದಿನ ಗಾಲಿ ಏರು ಹತ್ತಿದ್ದೇ ತಡ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು. ಟ್ರೇಲರ್ ಹಿಂದೆಯೇ ಉಳಿಯಿತು, ಹಾರ್ಸ್ ಮುಂದೆ ಹೋಯಿತು. ಹಾರ್ಸ್‌ನಿಂದ ಟ್ರೇಲರಿನ ಬ್ರೇಕಿಗೆ ಗಾಳಿ ಕೊಡುವ ಏರ್ ಪೈಪ್ ಕಿತ್ತು ಬುಸ್ಸೆಂದು ಗಾಳಿ ನುಗ್ಗಿತು. ಟ್ರೇಲರಿನ ಮೂತಿ ಹಾರ್ಸ್‌ನ ಚಾಸಿಯ ತುದಿಗೆ ಬಡಿದು, ಅಲ್ಲಿಂದ ಜಾರಿ ಕೆಂಪು ಮಣ್ಣಿನಲ್ಲಿ ಹೂತುಕೊಂಡಿತು. ಗಾಳಿ ಹೋದದ್ದರಿಂದ ಟ್ರೇಲರಿನ ಬ್ರೇಕ್ ತಾನಾಗಿಯೇ ಹಿಡಿಯಿತು. ಇಲ್ಲದಿದ್ದರೆ ಅದು ಹಿಂದಕ್ಕೆ ಉರುಳಿ ಯಾರ್ಡಿನಲ್ಲಿ ಚಹಾ ಕುಡಿಯುತ್ತಿದ್ದವರ ಮೇಲೆ ಹೋಗುತ್ತಿತ್ತು. ಕಂಬಿಯ ಕಟ್ಟುಗಳು ಮುಂದಕ್ಕೆ ಜಾರಿ ಟ್ರೇಲರಿನ ಮುಂದಿನ ತಡೆಗೋಡೆಯಾದ ಹೆಡ್‌ಬೋರ್ಡನ್ನೇ ಬಗ್ಗಿಸಿದ್ದವು. ಕೆಲವು ಕಂಬಿ ಅದರ ಸಂದಿಯಿಂದ ಒಂದು ಗೇಣು ಹೊರಗೆ ಬಂದಿದ್ದವು. ಆ ಗಾಡಿಯ ಕ್ಲೀನರ್ ಹುಡುಗ ಪೈಪ್ ಜೋಡಿಸುವಾಗ ನಿಂತಿದ್ದದ್ದು ಸರಿಯಾಗಿ ಆ ಜಾಗದಲ್ಲಿ. ಅವನ ಮುಖ ಆಮೇಲೆ ನೋಡಲಾಗಲಿಲ್ಲ, ಅಷ್ಟು ನಡುಗುತ್ತಿದ್ದ.

ಇದೇ ಕಳಚಿಕೊಳ್ಳುವುದು ಒಂದು ಗಂಟೆ ಬಿಟ್ಟು ಆಗಿದ್ದರೆ? ಕಾರವಾರದ ಹತ್ತಿರ ಬಿಣಗಾ ದಾಟಿ ಸುರಂಗದೊಳಗೆ ಆಗಿದ್ದರೆ? ಅಥವಾ ಕಾಳಿ ನದಿಯ ಸೇತುವೆ ಮೇಲೆ? 2024ರ ಆಗಸ್ಟಿನಲ್ಲಿ ಹಳೆ ಸೇತುವೆ ಲಾರಿಯೊಂದರ ಸಮೇತ ನದಿಗೆ ಬಿದ್ದ ಮೇಲೆ, ಹೋಗುವ ಬರುವ ಗಾಡಿಗಳೆಲ್ಲ ಹೊಸ ಸೇತುವೆಯ ಮೇಲೆಯೇ ಸಾಗಬೇಕಾಯಿತು. ಅದರ ನಡುವೆ ಕಂಬಿ ತುಂಬಿದ ಟ್ರೇಲರ್ ಮೂತಿ ಊರಿದರೆ ಹಿಂದಿನ ಬೈಕಿನವನ ಗತಿ ಏನು? ಹೆರಿಗೆಗೆ ಹೊರಟ ಆಂಬುಲೆನ್ಸ್ ಗತಿ ಏನು? ನನಗೆ ಈಗಲೂ ರಾತ್ರಿ ಇದೇ ಯೋಚನೆ.

ಕ್ರೇನ್ ತರಿಸಿ ಎತ್ತಿದ ಮೇಲೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಟ್ರೇಲರ್ ಕೆಲಸದಲ್ಲೇ ತಲೆ ಹಣ್ಣಾದವರು. ಅವರು ಫಿಫ್ತ್ ವೀಲ್ ಮೇಲೆ ಟಾರ್ಚ್ ಬಿಟ್ಟು, "ಇಲ್ಲಿ ಬನ್ನಿ, ಇದನ್ನ ನೋಡಿ" ಅಂದರು. ತಟ್ಟೆಯ ಮೇಲೆಲ್ಲ ಕಪ್ಪು ಹಳೇ ಗ್ರೀಸು. ಅದರ ನಡುವೆ ಬೆಳ್ಳಗೆ ಹೊಳೆಯುವ ಹೊಸ ಗೀರು, ಲಾಕ್‌ನ ನೆತ್ತಿಯ ಮೇಲೆ. ಲಾಕ್‌ನ ಒಳಮೈಯ ಗ್ರೀಸ್ ಮಾತ್ರ ಹಾಗೆಯೇ ಇದೆ, ಏನೂ ತಾಗಿಯೇ ಇಲ್ಲ. ಅಂದರೆ ಪಿನ್ ಲಾಕ್‌ನ ಒಳಗೆ ಹೋಗಿರಲೇ ಇಲ್ಲ. ಅದರ ಮೇಲೆ ಹತ್ತಿ ಕೂತಿತ್ತು.

ಕಾರಣ ಎತ್ತರ. ನಮ್ಮ ಹಾರ್ಸ್ ಸ್ವಲ್ಪ ಎತ್ತರದ್ದು, ಟ್ರೇಲರ್ ನಿಲ್ಲಿಸಿದ್ದು ಅದರ ಎತ್ತರಕ್ಕೆ. ಬಾಡಿಗೆಗೆ ಬಂದದ್ದು ತಗ್ಗಿನದ್ದು. ಅದೂ ಸಾಲದು ಅಂತ, ಮಳೆಗೆ ಮಣ್ಣು ಮೆತ್ತಗಾಗಿ ಟ್ರೇಲರಿನ ಒಂದು ಕಾಲು ರಾತ್ರಿ ಇಳಿದಿತ್ತಂತೆ. ಆ ಡ್ರೈವರ್ ಅದನ್ನು ಎಬ್ಬಿಸಲು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಮೂತಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಎತ್ತಿಬಿಟ್ಟ. ಹಾರ್ಸ್ ಹಿಂದೆ ಬಂದಾಗ ಪಿನ್ ಸೀಳಿನೊಳಗೆ ಇಳಿಯುವ ಬದಲು ತಟ್ಟೆಯ ಮೇಲೇ ಸಾಗಿತು. ಕಾಲು ಎತ್ತಿದ ಕೂಡಲೇ ಲೋಡಿನ ಭಾರವೆಲ್ಲ ಪಿನ್ನಿನ ತುದಿಯಿಂದ ಲಾಕ್‌ನ ನೆತ್ತಿಯ ಮೇಲೆ ಬಿತ್ತು.

ಎಳೆದಾಗ ಹಿಡಿದದ್ದು ಯಾಕೆ ಅಂತ ನಾನು ಕೇಳಿದೆ. ಆ ಭಾರವೇ ಹಿಡಿದದ್ದು ಅಂದರು. ಟನ್‌ಗಟ್ಟಲೆ ತೂಕ ಮೇಲಿನಿಂದ ಒತ್ತುತ್ತಿರುವಾಗ ಸಪಾಟು ನೆಲದಲ್ಲಿ ಮೆಲ್ಲಗೆ ಎಳೆದರೆ ಅದು ಜಾರುವುದಿಲ್ಲ. ಡ್ರೈವರ್‌ಗೆ ಕೂತ ಹಾಗೆಯೇ ಅನಿಸುತ್ತದೆ. ಏರು ಹತ್ತುವಾಗ ಹಾರ್ಸ್‌ನ ಮುಂಭಾಗ ಎದ್ದು ತಟ್ಟೆ ಹಿಂದಕ್ಕೆ ವಾಲಿತು, ಪಿನ್ ಜಾರಿಕೊಂಡಿತು. ಅಂದರೆ ಆ ಡ್ರೈವರ್ ಸುಳ್ಳು ಹೇಳಿರಲಿಲ್ಲ. ಅವನು ನಿಜಕ್ಕೂ ಎಳೆದು ನೋಡಿದ್ದ. ನನ್ನನ್ನು ಹೆದರಿಸುವುದು ಇದೇ.

ಇನ್ನೊಂದು ಸಂಗತಿ ಕಂಡು ನನಗೆ ಮೈ ಉರಿಯಿತು. ಲಾಕ್ ಪೂರ್ತಿ ಮುಚ್ಚಿದರೆ ಅದರ ಹ್ಯಾಂಡಲ್ ಒಳಗೆ ಸೇರುತ್ತದೆ. ಆಗ ಮಾತ್ರ ಒಂದು ತೂತು ಸರಿಯಾಗಿ ಎದುರಿಗೆ ಬಂದು ಅಲ್ಲಿ ಸೇಫ್ಟಿ ಕ್ಲಿಪ್ ಹಾಕಲು ಬರುತ್ತದೆ. ಕ್ಲಿಪ್ ಹೋಗದಿದ್ದರೆ ಲಾಕ್ ಆಗಿಲ್ಲ ಅಂತಲೇ ಅರ್ಥ. ಓದು ಬರಹ ಬೇಡ, ಮೀಟರ್ ಬೇಡ, ಅಷ್ಟು ಸುಲಭದ ಪರೀಕ್ಷೆ ಅದು. ಆ ಹಾರ್ಸ್‌ನಲ್ಲಿ ಕ್ಲಿಪ್ಪೇ ಇರಲಿಲ್ಲ. ಹ್ಯಾಂಡಲನ್ನು ಮೀನು ಬಲೆಯ ನೀಲಿ ನೈಲಾನ್ ಹಗ್ಗದಿಂದ ಕಟ್ಟಿದ್ದರು. ಹಗ್ಗ ಹಳೆಯದಾಗಿ ಗ್ರೀಸ್ ಹತ್ತಿ ಕಪ್ಪಾಗಿತ್ತು. ಎಷ್ಟು ದಿನದಿಂದ ಹಾಗೆ ಓಡಿಸುತ್ತಿದ್ದರೋ! ಕ್ಲಿಪ್ಪಿನ ಬೆಲೆ ಈ ಬಿಸಿನೆಸ್‌ನಲ್ಲಿ ಒಂದು ಲೆಕ್ಕವೇ ಅಲ್ಲ.

ಹಾಗಾದರೆ ನೋಡಬೇಕಾದ್ದು ಏನು? ಹಾರ್ಸ್ ಹಿಂದೆ ಬರುವ ಮೊದಲೇ ಟ್ರೇಲರಿನ ಪಾರ್ಕಿಂಗ್ ಬ್ರೇಕ್ ನೋಡಿ, ಗಾಲಿಗೆ ಔಟು (ಉರುಳದಂತೆ ಕೊಡುವ ಅಡ್ಡ) ಕೊಡಿ. ಇದನ್ನು ಬಿಟ್ಟು ಕೆಂಪು ಏರ್ ಪೈಪ್ ಜೋಡಿಸಿದರೆ ಗಾಳಿ ತುಂಬಿದ ಕೂಡಲೇ ಟ್ರೇಲರಿನ ಬ್ರೇಕ್ ಬಿಟ್ಟುಕೊಂಡು ಇಡೀ ಗಾಡಿ ಹೊರಟುಬಿಡಬಹುದು. ಹಾರ್ಸ್‌ಗೂ ಹ್ಯಾಂಡ್‌ಬ್ರೇಕ್ ಬೇಕೇ ಬೇಕು. ಹಾರ್ಸ್‌ಗೂ ಟ್ರೇಲರಿಗೂ ನಡುವೆ ಸಿಕ್ಕಿಕೊಂಡು ಜನ ಸಾಯುವುದು ಹೀಗೇ.

ಆಮೇಲೆ ಎತ್ತರ. ಟ್ರೇಲರಿನ ಅಡಿಯ ತಟ್ಟೆ ಫಿಫ್ತ್ ವೀಲ್‌ನ ಮಟ್ಟಕ್ಕೇ ಇರಬೇಕು, ಇಲ್ಲವೇ ಒಂದೆರಡು ಇಂಚು ತಗ್ಗಿರಬೇಕು. ಹಾರ್ಸ್ ಒಳಗೆ ಬರುವಾಗ ಟ್ರೇಲರಿನ ಮೂತಿ ಸ್ವಲ್ಪ ಎದ್ದರೆ ಎತ್ತರ ಸರಿ ಇದೆ ಅಂತ. ಏನೂ ತಾಗದೆ ಸರಾಗವಾಗಿ ಒಳಗೆ ಹೋಯಿತು ಅಂದರೆ ಅಲ್ಲೇ ನಿಲ್ಲಿಸಿ, ಟ್ರೇಲರ್ ಎತ್ತರವಾಗಿದೆ.

ಲಾಕ್ ಬಿದ್ದ ಸದ್ದು ಕೇಳಿದ ಮೇಲೆ, ಟ್ರೇಲರ್ ಬ್ರೇಕ್ ಹಿಡಿದಿರುವಾಗಲೇ, ಕಾಲು ಇನ್ನೂ ನೆಲದಲ್ಲಿರುವಾಗಲೇ ಫಸ್ಟ್ ಗೇರಿನಲ್ಲಿ ಮೆಲ್ಲಗೆ ಎಳೆಯಿರಿ. ಆಮೇಲೆ ಇಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಇಳಿಯಿರಿ. ಬದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಎರಡು ತಟ್ಟೆಗಳ ನಡುವೆ ಸಂದಿ ಕಾಣಬಾರದು, ಆ ಕಡೆಯ ಬೆಳಕು ಈ ಕಡೆ ಬರಬಾರದು. ಆಮೇಲೆ ಹಿಂದಿನಿಂದ, ಸೀಳಿನೊಳಗೆ ಬಗ್ಗಿ ನೋಡಿ. ಲಾಕ್ ಪಿನ್ನಿನ ಕುತ್ತಿಗೆಯನ್ನು ಹಿಡಿದಿರಬೇಕು. ಇದನ್ನು ನೋಡಲು ಬಟ್ಟೆ ಕೊಳೆಯಾಗುತ್ತದೆ, ಮಳೆಯಲ್ಲಿ ಬೆನ್ನು ಒದ್ದೆಯಾಗುತ್ತದೆ. ಆಗಲಿ. ಕ್ಲಿಪ್ ಹಾಕಿದ ಮೇಲೆ ಏರ್ ಪೈಪು, ಲೈಟಿನ ಕೇಬಲ್ ನೋಡಿ, ಕಾಲು ಎತ್ತಿ. ಕಾಲು ಎತ್ತುವುದು ಎಲ್ಲಕ್ಕಿಂತ ಕೊನೆಗೆ, ನೆನಪಿರಲಿ. ನಮ್ಮ ಗಾಡಿಯ ಕಾಲು ಕೆಳಗಿದ್ದಿದ್ದರೆ ಮೂತಿ ಅಷ್ಟು ದೂರ ಬೀಳುತ್ತಲೇ ಇರಲಿಲ್ಲ.

ಸವೆತದ ಮಾತು ಬೇರೆ. 2 ಇಂಚಿನ ಕಿಂಗ್ ಪಿನ್ನಿನ ಕುತ್ತಿಗೆ ಹೊಸದರಲ್ಲಿ 50.8 ಮಿಲಿಮೀಟರ್ ಇರುತ್ತದೆ, 49ಕ್ಕೆ ಇಳಿದರೆ ಬದಲಿಸಲೇಬೇಕು. ಎರಡು ಮಿಲಿಮೀಟರ್ ಕೂಡ ಇಲ್ಲ ನೋಡಿ ಆ ಅಂತರ. ಬರಿಗಣ್ಣಿಗೆ ತಿಳಿಯುವುದಿಲ್ಲ, ಗೇಜ್ ಅಥವಾ ಕ್ಯಾಲಿಪರ್ ಹಿಡಿದೇ ಅಳೆಯಬೇಕು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ, ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಮೇಲಿಂದ ರಸ್ತೆ ಕೆಲಸದ ಮಣ್ಣು. ಗ್ರೀಸಿನಲ್ಲಿ ಮರಳು ಸೇರಿದರೆ ಅದು ಕಬ್ಬಿಣವನ್ನು ಅರೆಯುತ್ತದೆ. ಹಳೇ ಗ್ರೀಸ್ ಮೇಲೆ ಹೊಸ ಗ್ರೀಸ್ ಬಳಿಯುವುದು ಬೇಡ. ಪೂರ್ತಿ ಕೆರೆದು, ಡೀಸೆಲ್‌ನಲ್ಲಿ ಒರೆಸಿ, ಲಾಕ್ ಸರಾಗವಾಗಿ ಆಡುತ್ತದಾ ನೋಡಿಕೊಂಡು ಹಚ್ಚಬೇಕು.

ಯುರೋಪಿನಲ್ಲಿ ಈಗ ಫಿಫ್ತ್ ವೀಲ್‌ಗೇ ಸೆನ್ಸರ್ ಬರುತ್ತದೆ. ತಟ್ಟೆ ತಾಗಿದೆಯಾ, ಪಿನ್ ಕೂತಿದೆಯಾ, ಲಾಕ್ ಮುಚ್ಚಿದೆಯಾ ಅಂತ ಕ್ಯಾಬಿನ್ನಿನಲ್ಲೇ ದೀಪ ತೋರಿಸುತ್ತದೆ. ಏರ್ ಪೈಪ್, ಕರೆಂಟ್ ತಾನೇ ಜೋಡಿಸಿಕೊಳ್ಳುವ ಕಪ್ಲಿಂಗೂ ಇದೆ. ನಮ್ಮ ಹಳೇ ಗಾಡಿಗಳಿಗೆ ಅದು ಯಾವಾಗ ಬರುತ್ತದೋ, ಅಲ್ಲಿಯವರೆಗೆ ಕೈಲಾದದ್ದು ಮಾಡೋಣ ಅಲ್ವಾ? ನಾನು ಎಲ್ಲ ರಿಪೇರಿ ಜೊತೆಗೆ ಇದನ್ನೂ ಮಾಡಿಸಿದ್ದೇನೆ. ಹಾರ್ಸ್‌ನ ಹಿಂದೆ, ಫಿಫ್ತ್ ವೀಲ್ ಮೇಲೆ ಬೆಳಕು ಬೀಳುವ ಹಾಗೆ ಒಂದು ಎಲ್‌ಇಡಿ ಲೈಟ್ ಹಾಕಿಸಿದೆ. ಟ್ರೇಲರಿನ ಕಾಲಿನ ಮೇಲೆ ನಮ್ಮ ಹಾರ್ಸ್‌ನ ಎತ್ತರಕ್ಕೆ ಒಂದು ಹಳದಿ ಪಟ್ಟಿ ಬಳಿಸಿದೆ. ಬೇರೆ ಹಾರ್ಸ್ ಬಂದರೆ ಆ ಪಟ್ಟಿ ಲೆಕ್ಕಕ್ಕಿಲ್ಲ, ಹೊಸದಾಗಿ ಅಳೆಯಬೇಕು ಅಂತ ಡ್ರೈವರ್‌ಗೂ ಹೇಳಿದ್ದೇನೆ. ಕಾಲಿನ ಅಡಿಗೆ ಹಾಕಲು ಎರಡು ದಪ್ಪ ಹಲಗೆ ಯಾವಾಗಲೂ ಗಾಡಿಯಲ್ಲೇ ಇರುತ್ತವೆ. ಮಳೆಗಾಲದ ನಮ್ಮ ಮಣ್ಣಿನಲ್ಲಿ ಹಲಗೆ ಇಲ್ಲದೆ ಲೋಡ್ ಟ್ರೇಲರ್ ಬಿಡಲೇಬಾರದು.

ಬಾಡಿಗೆ ಮಾತಾಡುವಾಗ ಫಿಫ್ತ್ ವೀಲ್‌ನ ಫೋಟೋ ಕೇಳಿ. ಕ್ಲಿಪ್ ಇದೆಯಾ, ಲಾಕ್ ಹೇಗಿದೆ ತೋರಿಸಿ ಅನ್ನಿ. ತೋರಿಸಲು ಹಿಂದೆ ಮುಂದೆ ನೋಡಿದರೆ ಬೇರೆ ಹಾರ್ಸ್ ಹುಡುಕಿ. ನಿಮ್ಮ ಜನ ಇಲ್ಲದೆ ಜೋಡಿಸಬಾರದು ಅಂತ ಬಾಯಿಮಾತಿನಲ್ಲಿ ಬಿಡದೆ ವಾಟ್ಸಾಪ್‌ನಲ್ಲಾದರೂ ಬರೆದು ಕಳಿಸಿ, ಅವರಿಂದ ಉತ್ತರ ತರಿಸಿಕೊಳ್ಳಿ. ಹಾರ್ಸ್‌ಗೂ ಟ್ರೇಲರ್‌ಗೂ ನೋಂದಣಿ ಬೇರೆ ಬೇರೆ. ಹಾರ್ಸ್‌ಗೆ ಇನ್ಶೂರೆನ್ಸ್ ಇದೆ ಅಂದ ಮಾತ್ರಕ್ಕೆ ನಿಮ್ಮ ಟ್ರೇಲರೂ ಅದರಲ್ಲಿ ಬಂತು ಅಂದುಕೊಳ್ಳಬೇಡಿ, ಎರಡೂ ಪಾಲಿಸಿ ತೆಗೆದು ಓದಿ. ಹೀಗೇನಾದರೂ ಆದರೆ ಗಾಡಿ ಎತ್ತುವ ಮೊದಲೇ ಫೋಟೋ ತೆಗೆಯಿರಿ. ಫಿಫ್ತ್ ವೀಲ್‌ನ ಗ್ರೀಸ್ ಒರೆಸಲು ಯಾರನ್ನೂ ಬಿಡಬೇಡಿ, ಸಾಕ್ಷಿ ಇರುವುದು ಅದರಲ್ಲೇ.

ಆ ಟ್ರಾನ್ಸ್‌ಪೋರ್ಟರ್ ಏರ್ ಪೈಪಿನ ದುಡ್ಡು ಕೊಟ್ಟಿದ್ದಾರೆ. ಬಗ್ಗಿದ ಹೆಡ್‌ಬೋರ್ಡು, ಕ್ರೇನಿನ ಬಾಡಿಗೆ, ಪಾರ್ಟಿ ಹಿಡಿದುಕೊಂಡ ಹಣ, ಇದಕ್ಕೆಲ್ಲ "ಡ್ರೈವರ್ ಎಳೆದು ನೋಡಿದ್ದ, ನಮ್ಮ ತಪ್ಪಲ್ಲ" ಅಂತಲೇ ಕೂತಿದ್ದಾರೆ. ಗ್ರೀಸ್ ಮೇಲಿನ ಗೀರಿನ ಫೋಟೋ, ಹಗ್ಗ ಕಟ್ಟಿದ ಹ್ಯಾಂಡಲಿನ ಫೋಟೋ ನನ್ನ ಹತ್ತಿರ ಇವೆ. ಡ್ರೈವರ್‌ಗಳಿಗೆ, ಕ್ಲೀನರ್ ಹುಡುಗರಿಗೆ ತೋರಿಸಿ ಹೇಳಬೇಕು ಅನ್ನುವ ಮಾಲೀಕರು ಮೆಸೇಜ್ ಮಾಡಿ, ಕಳಿಸುತ್ತೇನೆ.