ಹಸಿರು ಬಂದರೆ ನಿಶ್ಚಿಂತೆಯೇ? ಒಂದು ನಕಲು ಪತ್ತೆ ಸೇವೆಯ ವಿಮರ್ಶೆ

ಪ್ರಕಾಶಕರಿಗೆ ಹಸ್ತಪ್ರತಿ ತಿದ್ದಿಕೊಡುವುದು ನನ್ನ ಕೆಲಸ. ಕಾಗುಣಿತ, ವಾಕ್ಯ, ವಿವರಗಳ ತಾಳಮೇಳ ನೋಡುವುದರ ಜೊತೆಗೆ, ಬರಹ ಸ್ವಂತದ್ದೋ ಎಲ್ಲಿಂದಲೋ ಎತ್ತಿದ್ದೋ ಎಂದು ಹೇಳುವ ಹೊಣೆಯೂ ಈಚೆಗೆ ನನ್ನ ತಲೆಗೇ ಬಂದಿದೆ. ಅದಕ್ಕೆಂದು ವಾರ್ಷಿಕ ಚಂದಾ ಕಟ್ಟಿ ಬಳಸುತ್ತಿರುವ ಒಂದು ನಕಲು ಪತ್ತೆ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಇಂಥ ಇನ್ನೆರಡು ಸೇವೆಗಳನ್ನೂ ನೋಡಿದ್ದೇನೆ, ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಬಳಸುವುದು ಸುಲಭ, ಅದರಲ್ಲಿ ಎರಡು ಮಾತಿಲ್ಲ. ಕಡತವನ್ನು ಅಪ್‌ಲೋಡ್ ಮಾಡಿ ಸ್ವಲ್ಪ ಕಾದರೆ ವರದಿ ಸಿದ್ಧ. ಎಡಗಡೆ ನಮ್ಮ ಬರಹ, ಬಲಗಡೆ ಆಕರಗಳ ಪಟ್ಟಿ, ಹೋಲುವ ಸಾಲುಗಳ ಮೇಲೆ ಬಣ್ಣ. ಬಣ್ಣದ ಸಾಲನ್ನು ಒತ್ತಿದರೆ ಮೂಲದ ಪುಟ ಪಕ್ಕದಲ್ಲೇ ತೆರೆದುಕೊಳ್ಳುತ್ತದೆ. ಈ ಸೌಲಭ್ಯ ನಿಜಕ್ಕೂ ಚೆನ್ನಾಗಿದೆ. ಕಿರಿಕಿರಿಯೆಲ್ಲ ಪುಟದ ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಕೂತಿರುವ, ಬರಹದಲ್ಲಿ ಹೋಲಿಕೆ ಎಷ್ಟೆಂದು ಹೇಳುವ ಶೇಕಡಾವಾರಿನದು. ಕಡಿಮೆಯಿದ್ದರೆ ಅದಕ್ಕೆ ಹಸಿರು ಬಣ್ಣ, ಹೆಚ್ಚಿದ್ದರೆ ಕೆಂಪು. ಪ್ರಕಾಶಕರು ಬಲಗಡೆಯ ಪಟ್ಟಿಯತ್ತ ಕಣ್ಣೂ ಹಾಯಿಸುವುದಿಲ್ಲ. ಜ್ವರ ಎಷ್ಟಿದೆ ಎಂದು ವಿಚಾರಿಸುವವರ ಹಾಗೆ “ಎಷ್ಟು ಬಂತು ಮೇಡಂ?” ಎಂದು ಫೋನಿನಲ್ಲಿ ಕೇಳಿ, ಹಸಿರಾದರೆ ಅಚ್ಚಿಗೆ, ಕೆಂಪಾದರೆ ವಾಪಸ್ಸು ಎಂದು ತೀರ್ಮಾನಿಸಿಬಿಡುತ್ತಾರೆ.

ಕಾರ್ಮಿಕ ಕಾನೂನನ್ನು ಸರಳವಾಗಿ ವಿವರಿಸುವ ಒಂದು ಪುಸ್ತಕಕ್ಕೆ ಶೇ 38 ಬಂತು. ಲೇಖಕರು ನಿವೃತ್ತ ವಕೀಲರು, ಹಿರಿಯರು. ಪ್ರಕಾಶಕರು ಆಗಲೇ ಮುಖ ಸಿಂಡರಿಸಿದ್ದರು. ತೆರೆದು ನೋಡಿದರೆ ಬಣ್ಣ ಬಳಿದಿದ್ದ ಸಾಲುಗಳಲ್ಲಿ ಮುಕ್ಕಾಲು ಪಾಲು ಕಾಯ್ದೆಯ ಕಲಮುಗಳು. ಕಾನೂನಿನ ಕಲಮನ್ನು ಇದ್ದದ್ದು ಇದ್ದ ಹಾಗೆ ಕೊಡದೆ ಸ್ವಂತ ಮಾತಿನಲ್ಲಿ ತಿರುಚಿ ಬರೆದಿದ್ದರೆ ಅದೇ ತಪ್ಪಾಗುತ್ತಿತ್ತು. ಉಳಿದದ್ದರಲ್ಲಿ ಹೆಚ್ಚಿನದು ತೀರ್ಪುಗಳ ಶೀರ್ಷಿಕೆ, ನ್ಯಾಯಾಲಯಗಳ ಹೆಸರು, ಕೊನೆಯ ಪುಸ್ತಕಪಟ್ಟಿ. ಉದ್ಧರಣೆ ಮತ್ತು ಪುಸ್ತಕಪಟ್ಟಿಯನ್ನು ಲೆಕ್ಕದಿಂದ ಬಿಡುವ ಆಯ್ಕೆ ಒಳಗೆಲ್ಲೋ ಅಡಗಿದೆ. ಅದನ್ನು ಒತ್ತಿದ ಮೇಲೆ ಅಂಕಿ ಶೇ 6ಕ್ಕೆ ಇಳಿಯಿತು. ತಮಾಷೆಯೆಂದರೆ, ಆ ಆರರೊಳಗೇ ಅಸಲಿ ಕಳವೂ ಇತ್ತು! ಪೀಠಿಕೆಯ ಒಂದು ಇಡೀ ಪ್ಯಾರಾ ಬೇರೊಬ್ಬರ ಲೇಖನದಿಂದ ಅಲ್ಪವಿರಾಮದ ಸಮೇತ ಬಂದಿತ್ತು, ಎಲ್ಲೂ ಋಣ ಸ್ಮರಣೆಯಿಲ್ಲ. ಮೂವತ್ತೆಂಟರಲ್ಲಿ ಹೂತುಹೋಗಿದ್ದ ಪ್ಯಾರಾ ಆರರಲ್ಲಿ ಕಣ್ಣಿಗೆ ಬಿತ್ತು. ಕೇಳಿದಾಗ ಲೇಖಕರು ತಕರಾರು ಮಾಡದೆ ಮೂಲದ ಹೆಸರು ಸೇರಿಸಿದರು.

ಈ ಯಂತ್ರಕ್ಕೆ ಕಳವು ಎಂದರೇನೆಂದು ಗೊತ್ತಿಲ್ಲ, ಅದು ನೋಡುವುದು ಅಕ್ಷರಗಳ ಸರಣಿಯನ್ನು ಮಾತ್ರ. ಪಠ್ಯವನ್ನು ಚಿಕ್ಕಚಿಕ್ಕ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕಿಗೂ ಗಣಿತದ ಸೂತ್ರದಿಂದ ಒಂದು ಸಂಖ್ಯೆ ಕೊಟ್ಟು, ಎಲ್ಲವನ್ನೂ ಇಟ್ಟುಕೊಳ್ಳುವುದು ದುಬಾರಿಯಾದ್ದರಿಂದ ಕೆಲವನ್ನು ಮಾತ್ರ ಬೆರಳಚ್ಚಿನಂತೆ ಆರಿಸಿಟ್ಟುಕೊಳ್ಳುವುದು ಇಂಥ ಪತ್ತೆಯ ಪ್ರಸಿದ್ಧ ವಿಧಾನ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ 2003ರಲ್ಲಿ ಶ್ಲೈಮರ್, ವಿಲ್ಕರ್ಸನ್ ಮತ್ತು ಐಕೆನ್ ಎಂಬ ಮೂವರು ಕಂಪ್ಯೂಟರ್ ಸಂಶೋಧಕರು ಒಂದು ಜಾಣ ಕ್ರಮವನ್ನು ಪ್ರಕಟಿಸಿದರು. ಎರಡು ಬರಹಗಳ ಬೆರಳಚ್ಚು ಒಂದೇ ಆಗಿದ್ದರೆ ಹೋಲಿಕೆ ಸಿಕ್ಕಿತು, ಅಷ್ಟೇ. ಅದು ಏಕೆ ಒಂದೇ ಆಯಿತು ಎಂಬುದನ್ನು ಮನುಷ್ಯರೇ ಕೂತು ನೋಡಬೇಕು. ನಕ್ಷೆ ತಯಾರಕರಿಗೆ ಈ ಪಾಠ ಇಂಥ ತಂತ್ರಾಂಶಗಳಿಗೂ ಮುಂಚೆಯೇ ಆಗಿತ್ತು. 1930ರ ದಶಕದಲ್ಲಿ ಅಮೆರಿಕದ ಒಂದು ಕಂಪನಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ಆಗ್ಲೋ ಎಂಬ, ಇಲ್ಲದ ಊರೊಂದನ್ನು ನಕಲುಗಾರರಿಗೆ ಬಲೆಯಾಗಿ ಸೇರಿಸಿತು. ಮುಂದೆ ಇನ್ನೊಂದು ಕಂಪನಿಯ ನಕ್ಷೆಯಲ್ಲೂ ಆಗ್ಲೋ ಕಾಣಿಸಿಕೊಂಡಾಗ ಕಳ್ಳ ಸಿಕ್ಕಿಬಿದ್ದನೆಂದೇ ಎಲ್ಲರೂ ತಿಳಿದರಂತೆ. ಆದರೆ ಅಷ್ಟರೊಳಗೆ ಮೊದಲ ನಕ್ಷೆಯಲ್ಲಿದ್ದ ಹೆಸರನ್ನೇ ನಂಬಿ ಯಾರೋ ಆ ಜಾಗದಲ್ಲಿ ಆಗ್ಲೋ ಹೆಸರಿನ ಅಂಗಡಿ ತೆರೆದಿದ್ದರು!

ಕೆಂಪಿನ ವಿಷಯ ಇಷ್ಟಾಯಿತು. ನನ್ನನ್ನು ಹೆಚ್ಚು ಕೆರಳಿಸಿದ್ದು ಹಸಿರು.

ಹಳೆಯ ಕಡತವೊಂದು ಬಂತು, ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಪದ್ಧತಿ) ಬರುವ ಮುಂಚಿನ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು. ಅಂಥ ಕಡತ ನಮ್ಮ ಕಣ್ಣಿಗೆ ಚೊಕ್ಕ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ‘ನ’ ಇರಬೇಕಾದಲ್ಲೆಲ್ಲ ಪೌಂಡಿನ ಗುರುತು. ಆ ಗೋಜಲನ್ನು ಯಾವುದರೊಡನೆ ಹೋಲಿಸಿದರೂ ಏನು ಸಿಕ್ಕೀತು? ಶೇ 0 ಬಂತು, ಪಕ್ಕದಲ್ಲಿ ಹಸಿರು ಬಣ್ಣದ ಸರಿ ಗುರುತು. ‘ಈ ಕಡತವನ್ನು ನನಗೆ ಓದಲಾಗಲಿಲ್ಲ’ ಎಂದು ಹೇಳುವ ಸೌಜನ್ಯವೂ ಅದಕ್ಕಿಲ್ಲ. ಯುನಿಕೋಡಿಗೆ ಪರಿವರ್ತಿಸಿ ಮತ್ತೆ ಕೊಟ್ಟಾಗ ಶೇ 22.

ಯುನಿಕೋಡಿನಲ್ಲೇ ಇದ್ದರೂ ಕನ್ನಡದ ಮುಂದೆ ಇದು ಎಡವುತ್ತದೆ. ನಾನೇ ಬೇಕೆಂದು ಪರೀಕ್ಷಿಸಿದೆ. ‘ಮಳೆಗಾಲದಲ್ಲಿ ನದಿಯ ದಡದಲ್ಲಿ ಮರಳು ಶೇಖರವಾಗುತ್ತದೆ’ ಎಂಬ ಧಾಟಿಯ ವಾಕ್ಯಗಳಿದ್ದ, ಜಾಲದಲ್ಲಿ ಆಗಲೇ ಪ್ರಕಟವಾಗಿರುವ ನನ್ನದೇ ಪುಟವನ್ನು ತೆಗೆದುಕೊಂಡು, ‘ಮಳೆಗಾಲದಲ್ಲೇ ನದೀದಡದಲ್ಲಿ ಮರಳು ಶೇಖರಗೊಳ್ಳುವುದುಂಟು’ ಎಂದು ಉದ್ದಕ್ಕೂ ಪ್ರತ್ಯಯ, ಸಮಾಸಗಳನ್ನು ಮಾತ್ರ ಬದಲಿಸಿದೆ. ಒಂದು ಹೊಸ ಯೋಚನೆಯಿಲ್ಲ, ವಾಕ್ಯದ ಕ್ರಮವೂ ಬದಲಾಗಲಿಲ್ಲ. ಹೋಲಿಕೆ ಶೂನ್ಯಕ್ಕೆ ಹತ್ತಿರ ಬಂತು. ಇಂಗ್ಲಿಷಿನಲ್ಲಿ ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲಾಗುವುದಿಲ್ಲ. ಅಲ್ಲಿನ ಕಳ್ಳರು ಪದಗಳನ್ನೇ ಯಂತ್ರದಿಂದ ಅದಲುಬದಲು ಮಾಡಿಸುತ್ತಾರೆ. ‘ಸ್ತನ ಕ್ಯಾನ್ಸರ್’ ಎಂಬುದು ‘ಎದೆಯ ಅಪಾಯ’ ಆಗಿಬಿಟ್ಟ ಇಂಥ ಚಿತ್ರಹಿಂಸೆಗೊಳಗಾದ ಪದಗಳನ್ನು ಹಿಡಿದೇ ಸಂಶೋಧಕ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಎಷ್ಟೋ ಸಂಶಯಾಸ್ಪದ ವಿಜ್ಞಾನ ಪ್ರಬಂಧಗಳನ್ನು ಬಯಲಿಗೆಳೆದರು. ಅದನ್ನೂ ಮೊದಲು ಹಿಡಿದದ್ದು ಓದುವ ಕಣ್ಣು.

ಎಲ್ಲಕ್ಕಿಂತ ದೊಡ್ಡ ಕಿಂಡಿ ಅನುವಾದ. ಸಮುದ್ರದ ಉಬ್ಬರವಿಳಿತದ ಮೇಲೆ ಒಂದು ಬಿಡಿ ಪ್ರಬಂಧ ಬಂತು, ಶೇ 2, ಅಚ್ಚ ಹಸಿರು. ಓದುತ್ತಾ ಹೋದೆ. ಭಾಷೆ ತುಸು ಬಿಗಿ ಎನಿಸಿದರೂ ವಿಷಯ ಸೊಗಸಾಗಿತ್ತು. ನಾಲ್ಕನೆಯ ಪುಟದಲ್ಲಿ ‘ಹಿಂದಿನ ಅಧ್ಯಾಯದಲ್ಲಿ ನಾವು ನೋಡಿದಂತೆ’ ಎಂದಿತ್ತು. ಬಿಡಿ ಪ್ರಬಂಧಕ್ಕೆ ಹಿಂದಿನ ಅಧ್ಯಾಯ ಎಲ್ಲಿಂದ ಬಂತು? ಎರಡು ಮೂರು ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ಹುಡುಕಿದಾಗ ಇಡೀ ಅಧ್ಯಾಯ ಸಿಕ್ಕಿತು. ಉದಾಹರಣೆ, ಉಪಶೀರ್ಷಿಕೆ, ನಡುವಿನ ಒಂದು ನಗೆಚಟಾಕಿ ಕೂಡ ಅದೇ. ಲೇಖಕರಿಗೆ ಬರೆದು ಕೇಳಿದರೆ, “ಕದ್ದಿದ್ದೇನೆಂದು ಹೇಗೆ ಹೇಳುತ್ತೀರಿ? ಒಂದು ಪದವೂ ಅವರದಲ್ಲ, ನಿಮ್ಮ ವರದಿಯೇ ಎರಡು ಪರ್ಸೆಂಟ್ ಎನ್ನುತ್ತಿದೆ” ಎಂದು ಉತ್ತರ ಬಂತು. ಪದಗಳು ಅವರವೂ ಆಗಿರಲಿಲ್ಲ, ಅನುವಾದ ತಂತ್ರಾಂಶದ್ದು ಎಂಬುದು ನನ್ನ ಗುಮಾನಿ, ಇರಲಿ. ಭಾಷೆಯಿಂದ ಭಾಷೆಗೆ ಹೋಲಿಸುವ ಸೌಲಭ್ಯ ಈ ಸೇವೆಯಲ್ಲಿ ಉಂಟು, ಕನ್ನಡಕ್ಕಿಲ್ಲ. ಖರೀದಿಸುವಾಗ ‘ನೂರಾರು ಭಾಷೆಗಳಲ್ಲಿ ಪತ್ತೆ’ ಎಂಬ ಜಾಹೀರಾತು ಓದಿದವರು ಇದನ್ನು ಮುಂಚೆಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಈಗ ಇನ್ನೊಂದು ಕಿಟಕಿ ಸೇರಿಸಿದ್ದಾರೆ, ಬರೆದದ್ದು ಮನುಷ್ಯರೋ ಯಂತ್ರವೋ ಎಂದು ಹೇಳುವುದು. ಇದಕ್ಕೆ ನಾನು ಕೊಡುವ ಅಂಕ ಸೊನ್ನೆ. ಇಂಥವುಗಳಲ್ಲಿ ಹಲವು ನೋಡುವುದು ಮುಂದಿನ ಪದವನ್ನು ಎಷ್ಟು ಸಲೀಸಾಗಿ ಊಹಿಸಬಹುದು ಎಂಬುದನ್ನು; ಊಹೆ ಸಲೀಸಾದಷ್ಟೂ ಯಂತ್ರದ ಬರಹವೆನ್ನುತ್ತವೆ. ಹೊಸ ಲೇಖಕಿಯೊಬ್ಬರ ಇಂಗ್ಲಿಷ್ ಹಸ್ತಪ್ರತಿಗೆ ಮೊದಲು ಶೇ 11 ಯಂತ್ರದ್ದೆಂದಿತು. ನಾನು ವ್ಯಾಕರಣ ತಿದ್ದಿ, ತೊಡಕು ವಾಕ್ಯಗಳನ್ನು ಸರಿಪಡಿಸಿ ಮತ್ತೆ ಹಾಕಿದರೆ ಶೇ 47! ತಪ್ಪಿದ್ದಾಗ ಮನುಷ್ಯರದಾಗಿದ್ದ ಬರಹ ತಿದ್ದಿದ ಮೇಲೆ ಯಂತ್ರದ್ದಾಯಿತು. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದೊಂದು ಸಾಧನ ಬಿಟ್ಟು, ನಿಖರತೆ ಸಾಲದೆಂದು ಜುಲೈ ಹೊತ್ತಿಗೆ ಹಿಂತೆಗೆದುಕೊಂಡಿತು. ಯಂತ್ರ ಬರೆದದ್ದರಲ್ಲಿ ಶೇ 26ರಷ್ಟನ್ನು ಮಾತ್ರ ಅದು ಗುರುತಿಸುತ್ತಿತ್ತು. ಅದೇ ವರ್ಷ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಗೆ ಬರೆದಿದ್ದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕೂ ಹೆಚ್ಚನ್ನು ಅವು ಯಂತ್ರದ ಬರಹವೆಂದವು. ಎರಡನೆಯ ಭಾಷೆಯಲ್ಲಿ ಕಷ್ಟಪಟ್ಟು ಬರೆಯುವವರ ಮೇಲೆಯೇ ಮೊದಲು ಅನುಮಾನ ಬೀಳಿಸುವ ಸಾಧನಕ್ಕೆ ಹೆಚ್ಚುವರಿ ಹಣ ಬೇರೆ.

ಚಂದಾ ಕಟ್ಟುವ ಮುಂಚೆ ಗಮನಿಸಲೇಬೇಕಾದ ಸಂಗತಿ ಇನ್ನೊಂದಿದೆ. ನಾವು ಹಾಕಿದ ಹಸ್ತಪ್ರತಿಯನ್ನು ಇವರು ತಮ್ಮ ಭಂಡಾರದಲ್ಲಿ ಇಟ್ಟುಕೊಳ್ಳುತ್ತಾರೆ. ‘ಭಂಡಾರಕ್ಕೆ ಸೇರಿಸು’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿರುತ್ತದೆ, ತೆಗೆಯಬೇಕಾದವರು ನಾವು. ಕಾದಂಬರಿಯೊಂದರ ಮೊದಲ ಕರಡನ್ನು ಪ್ರಕಾಶಕರ ಕಚೇರಿಯಲ್ಲಿ ಯಾರೋ ಹಾಗೆಯೇ ಹಾಕಿದ್ದರು. ತಿದ್ದಿದ ಕರಡನ್ನು ನಾನು ಹಾಕಿದಾಗ ಶೇ 94, ಆಕರ: ‘ಮೊದಲೇ ಸಲ್ಲಿಕೆಯಾದ ದಾಖಲೆ’. ಪಾಪ, ಆ ಲೇಖಕಿ ತನ್ನಿಂದಲೇ ಕದ್ದವಳಾದಳು. ಇದು ಹೊಸ ತಗಾದೆಯಲ್ಲ. ಟರ್ನಿಟಿನ್ ಎಂಬ ನಕಲು ಪತ್ತೆ ಸೇವೆ ತಮ್ಮ ಪ್ರಬಂಧಗಳನ್ನು ಹೀಗೆ ಕೂಡಿಟ್ಟುಕೊಳ್ಳುತ್ತದೆಂದು ಅಮೆರಿಕದ ಶಾಲಾ ವಿದ್ಯಾರ್ಥಿಗಳು ಅದರ ಮಾಲೀಕ ಕಂಪನಿಯ ಮೇಲೆ ದಾವೆ ಹೂಡಿದ್ದರು. ಅದು ನ್ಯಾಯಬದ್ಧ ಬಳಕೆಯೇ ಎಂದು 2009ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು. ಕಾನೂನು ಏನೇ ಹೇಳಲಿ, ಅಚ್ಚಾಗದ ಕಾದಂಬರಿಯನ್ನು ಬರೆದವರನ್ನು ಕೇಳದೆ ಮೂರನೆಯವರ ಭಂಡಾರಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ತೆಗೆದುಹಾಕಿ ಎಂದು ಸಹಾಯ ವಿಭಾಗಕ್ಕೆ ಬರೆದೆ. ಖಾತೆಯ ಆಡಳಿತಾಧಿಕಾರಿಯಿಂದ ಮನವಿ ಬರಬೇಕು ಎಂದರು. ಪ್ರಕಾಶಕರಿಂದ ಬರೆಸಿದೆ. ಪರಿಶೀಲನೆಯಲ್ಲಿದೆ ಎಂಬ ಸಿದ್ಧ ಉತ್ತರ ಬಂತು, ಅಷ್ಟಕ್ಕೇ ನಿಂತಿತು.

ಸದ್ಯಕ್ಕೆ ಚಂದಾ ನವೀಕರಿಸುವೆ, ಯಂತ್ರಬರಹದ ಕಿಟಕಿಯಿಲ್ಲದ ಕೆಳಗಿನ ಶ್ರೇಣಿಗೆ ಮಾತ್ರ. ಇಂಗ್ಲಿಷ್ ಹಸ್ತಪ್ರತಿ ಹೆಚ್ಚಾಗಿ ಬರುವವರಿಗೆ, ಸಾಲುಸಾಲಾಗಿ ಕೂತು ವರದಿ ಓದುವ ಪುರುಸೊತ್ತು ಇರುವವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲ. ಬರೀ ಕನ್ನಡ ಪುಸ್ತಕ ಮಾಡುವವರು ಅದೇ ಹಣದಲ್ಲಿ ಒಬ್ಬ ಒಳ್ಳೆಯ ಓದುಗರನ್ನು ಇಟ್ಟುಕೊಳ್ಳಲಿ. ಪ್ರಕಾಶಕರಿಗೆ ನಾನೀಗ ಅಂಕಿಯನ್ನು ಕಳುಹಿಸುವುದೇ ಇಲ್ಲ. ಮೊದಲ ಪುಟವನ್ನು ತೆಗೆದು, ಹೋಲುವ ಪ್ಯಾರಾ ಮತ್ತು ಮೂಲವನ್ನು ಅಕ್ಕಪಕ್ಕ ಇಟ್ಟು, ಕೆಳಗೆ ನನ್ನ ಎರಡು ಸಾಲಿನ ಅಭಿಪ್ರಾಯ ಬರೆದು ಕಳುಹಿಸುತ್ತೇನೆ. “ಅದೆಲ್ಲ ಸರಿ ಮೇಡಂ, ಒಟ್ಟು ಎಷ್ಟು ಬಂತು?” ಎಂದು ಕೇಳುವವರು ಈಗಲೂ ಇದ್ದಾರೆ.